ಸಂಬಳವಿಲ್ಲದ ತಾಂತ್ರಿಕ ಹೊಣೆ: ಇರುವ ಸಮಯಕ್ಕೆ ಕೆಲಸವನ್ನು ಹೊಂದಿಸುವುದು ಹೇಗೆ

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಒಂದು ಎಚ್ಚರಿಕೆ ಪ್ರಕಟಿಸಿದರು. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಅವರು ಗಮನಿಸಿದ್ದರು. ಕಾರಣ ಹುಡುಕುತ್ತ ಹೋದಾಗ ಎಕ್ಸ್‌ಝಡ್ ಯುಟಿಲ್ಸ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿರುವುದು ಗೊತ್ತಾಯಿತು. ಫೈಲುಗಳನ್ನು ಕುಗ್ಗಿಸುವ ಈ ಪುಟ್ಟ ತಂತ್ರಾಂಶ ಹೆಚ್ಚುಕಡಿಮೆ ಎಲ್ಲ ಲಿನಕ್ಸ್ ವ್ಯವಸ್ಥೆಗಳಲ್ಲೂ ಇರುತ್ತದೆ. ಅದು ವರ್ಷಗಟ್ಟಲೆ ನಡೆದುಕೊಂಡು ಬಂದಿದ್ದು ಒಬ್ಬರೇ ಒಬ್ಬ ಸ್ವಯಂಸೇವಕರ ಬಿಡುವಿನ ವೇಳೆಯಲ್ಲಿ.

ಕಳ್ಳಬಾಗಿಲಿಟ್ಟವರು ಕಂಪ್ಯೂಟರಿನ ದೋಷವನ್ನು ಹಿಡಿದು ಒಳಗೆ ಬರಲಿಲ್ಲ, ಒಬ್ಬ ಮನುಷ್ಯನ ದಣಿವನ್ನು ಹಿಡಿದು ಬಂದರು. 2022ರಲ್ಲಿ ಅಪರಿಚಿತ ಹೆಸರುಗಳಿಂದ ಸಾಲುಸಾಲು ದೂರುಗಳು ಬಂದವು: ಪ್ಯಾಚ್‌ಗಳು (ಜನ ಕಳಿಸಿದ ಕೋಡಿನ ತಿದ್ದುಪಡಿಗಳು) ತಿಂಗಳುಗಟ್ಟಲೆ ಕೂತಿವೆ, ನಿಮಗೆ ಆಗದಿದ್ದರೆ ಬೇರೆಯವರಿಗೆ ಕೊಡಿ ಎಂದು. ಮೇಂಟೇನರ್, ಅಂದರೆ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದ ಆ ಸ್ವಯಂಸೇವಕರು, ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು ಬಹಿರಂಗವಾಗಿಯೇ ಬರೆದಿದ್ದರು. ಅದೇ ಹೊತ್ತಿಗೆ ಜಿಯಾ ಟಾನ್ ಎಂಬ ಹೆಸರಿನ ವ್ಯಕ್ತಿ ಅಚ್ಚುಕಟ್ಟಾಗಿ ಕೆಲಸ ಮಾಡಿಕೊಡುತ್ತಿದ್ದ. ನಿಧಾನವಾಗಿ ಆತನಿಗೆ ಅಧಿಕಾರವೂ ಸಿಕ್ಕಿತು, ಕಳ್ಳಬಾಗಿಲು ಒಳಬಂದದ್ದು ಆ ಹೆಸರಿನಿಂದಲೇ.

ಹೀಗಾಗಿ ಸ್ವಯಂಸೇವಕರ ಸಮಯ ಅವರ ಮನೆಯ ವಿಷಯವಾಗಿ ಉಳಿದಿಲ್ಲ. ಆ ಸಮಯವನ್ನು ಅಳೆಯುವುದು ಹೇಗೆ, ಹೊರೆಯನ್ನು ಅದಕ್ಕೆ ತಕ್ಕಂತೆ ಕತ್ತರಿಸುವುದು ಹೇಗೆ, ಎಲ್ಲಿ ಲೆಕ್ಕ ತಪ್ಪುತ್ತದೆ ಎಂಬುದನ್ನು ಬುಡದಿಂದ ನೋಡೋಣ.

ಯಾವ ಹೊಣೆಯ ಮಾತು ಇದು

ಓಪನ್ ಸೋರ್ಸ್ (ಕೋಡನ್ನು ಯಾರು ಬೇಕಾದರೂ ನೋಡಿ, ತಿದ್ದಿ ಬಳಸಬಹುದಾದ) ಯೋಜನೆಯ ಮೇಂಟೇನರ್, ಹೊಸ ಆವೃತ್ತಿಗಳ ಬಿಡುಗಡೆಯ ಉಸ್ತುವಾರಿ ಹೊತ್ತವರು, ಮಾನದಂಡ ರೂಪಿಸುವ ಕಾರ್ಯಗುಂಪಿನ ಅಧ್ಯಕ್ಷರು, ತಾಂತ್ರಿಕ ಸಮಿತಿಯ ಸದಸ್ಯರು, ಸಮುದಾಯದ ಸರ್ವರ್ ನೋಡಿಕೊಳ್ಳುವವರು. ಇವರಿಗೆ ಮೂರು ಸಂಗತಿಗಳು ಸಮಾನ. ಸಂಬಳವಿಲ್ಲ, ಅಥವಾ ಸಂಬಳ ಬರುವುದು ಬೇರೆ ಕೆಲಸಕ್ಕೆ. ತಾಂತ್ರಿಕ ತೀರ್ಮಾನದ ಕೊನೆಯ ಮಾತು ಇವರದು. ಮತ್ತು ಬೇರೆಯವರ ಕೆಲಸ ಇವರ ಉತ್ತರಕ್ಕಾಗಿ ಕಾಯುತ್ತಿರುತ್ತದೆ.

ಮೂರನೆಯದೇ ಇಡೀ ಸಮಸ್ಯೆಯ ಬೇರು. ಒಬ್ಬ ಸಾಮಾನ್ಯ ಕೊಡುಗೆದಾರ ಒಂದು ತಿಂಗಳು ಕಾಣೆಯಾದರೆ ಆತನ ಕೆಲಸ ಮಾತ್ರ ನಿಲ್ಲುತ್ತದೆ. ಒಪ್ಪಿಗೆ ಕೊಡಬೇಕಾದವರು ಕಾಣೆಯಾದರೆ ಇಪ್ಪತ್ತು ಜನರ ಕೆಲಸ ನಿಲ್ಲುತ್ತದೆ. ಆ ಇಪ್ಪತ್ತು ಜನರ ಅಸಮಾಧಾನ ಮರಳಿ ಬಂದು ಬೀಳುವುದೂ ಅದೇ ಒಬ್ಬರ ಇನ್‌ಬಾಕ್ಸಿಗೆ. ಅದನ್ನು ಓದಿ, ಸಮಾಧಾನ ಹೇಳಿ ಮುಗಿಸುವುದಕ್ಕೇ ಇದ್ದ ಅರ್ಧ ಸಮಯ ಹೋಗುತ್ತದೆ.

ಒಳ್ಳೆಯ ಕೋಡ್ ಬರೆದವರಿಗೆ ಈ ಹೊಣೆ ಸಿಗುತ್ತದೆ, ಹೊಣೆ ಸಿಕ್ಕ ಮೇಲೆ ಕೋಡ್ ಬರೆಯಲು ಸಮಯ ಸಿಗುವುದಿಲ್ಲ. ಹೊಸದಾಗಿ ಒಪ್ಪಿಕೊಳ್ಳುವವರು ಇದೊಂದನ್ನು ಮೊದಲೇ ತಿಳಿದಿದ್ದರೆ ಮುಂದಿನ ಎಷ್ಟೋ ನಿರಾಸೆ ತಪ್ಪುತ್ತದೆ.

ವಾರದ ಆರು ಗಂಟೆ ಎಲ್ಲಿ ಹೋಗುತ್ತದೆ

ಕೆಲಸದಲ್ಲಿ ಎರಡು ಬಗೆ. ಲೆಕ್ಕಕ್ಕೆ ಸಿಗುವುದು: ಪ್ಯಾಚ್ ಪರಿಶೀಲನೆ, ಬಿಡುಗಡೆ, ದಾಖಲೆ ಬರೆಯುವುದು. ಲೆಕ್ಕಕ್ಕೆ ಸಿಗದ್ದು: ಪತ್ರಗಳನ್ನು ಓದುವುದು, ಹೊಸಬರ ಪ್ರಶ್ನೆಗೆ ಉತ್ತರ, ಇಬ್ಬರ ಜಗಳ ಬಿಡಿಸುವುದು, ಸಭೆಯ ತಯಾರಿ, ಕೆಟ್ಟು ನಿಂತ ಪರೀಕ್ಷಾ ಸರ್ವರನ್ನು ಎಬ್ಬಿಸುವುದು. ಎರಡನೆಯದನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ, ಮಾಡುವವರೂ ಎಣಿಸುವುದಿಲ್ಲ. ಆದರೆ ಸಮಯ ಮೊದಲು ಖಾಲಿಯಾಗುವುದು ಅದರಲ್ಲೇ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಒಬ್ಬರು ವಾರಕ್ಕೆ ಆರು ಗಂಟೆ ಕೊಡಬಲ್ಲರು ಎಂದಿಟ್ಟುಕೊಳ್ಳಿ.

ವಾರದ ಸಭೆ 1 ಗಂಟೆ. ಅದರ ತಯಾರಿ ಮತ್ತು ಟಿಪ್ಪಣಿ 45 ನಿಮಿಷ. ದಿನಕ್ಕೆ 15 ನಿಮಿಷದಂತೆ ಆರು ದಿನ ಪತ್ರ, ಚಾಟ್ ಓದಿದರೆ ಒಂದೂವರೆ ಗಂಟೆ. ಅನಿರೀಕ್ಷಿತಕ್ಕೆಂದು ಎತ್ತಿಟ್ಟದ್ದು 1 ಗಂಟೆ 15 ನಿಮಿಷ. ಅಲ್ಲಿಗೆ ನಾಲ್ಕೂವರೆ ಗಂಟೆ ಮುಗಿಯಿತು. ಉಳಿದದ್ದು ಒಂದೂವರೆ ಗಂಟೆ.

ಒಂದು ಪ್ಯಾಚನ್ನು ಓದಿ, ಟಿಪ್ಪಣಿ ಬರೆದು, ತಿದ್ದಿ ಬಂದ ಮೇಲೆ ಮತ್ತೆ ನೋಡುವುದಕ್ಕೆ ಒಟ್ಟು 45 ನಿಮಿಷ ಬೇಕೆಂದರೆ ವಾರಕ್ಕೆ ಎರಡು ಪ್ಯಾಚ್ ಮುಗಿಯುತ್ತವೆ. ವಾರಕ್ಕೆ ಐದು ಬರುತ್ತಿದ್ದರೆ ಪ್ರತಿ ವಾರ ಮೂರು ಉಳಿಯುತ್ತವೆ. ಹದಿಮೂರು ವಾರ, ಅಂದರೆ ಮೂರು ತಿಂಗಳು ಕಳೆಯುವಷ್ಟರಲ್ಲಿ ಬಾಕಿ 39. ಅವತ್ತು ಹೊಸದಾಗಿ ಬಂದ ಪ್ಯಾಚ್ ತನ್ನ ಸರದಿಗೆ ಸುಮಾರು 20 ವಾರ ಕಾಯಬೇಕು.

ಈ ವ್ಯಕ್ತಿ ಸೋಮಾರಿಯಲ್ಲ. ಹೇಳಿದ ಆರು ಗಂಟೆಯನ್ನು ತಪ್ಪದೆ ಕೊಟ್ಟಿದ್ದಾರೆ. ಆದರೂ ಹೊರಗಿನಿಂದ ನೋಡುವವರಿಗೆ ಕಾಣುವುದು ಐದು ತಿಂಗಳ ಮೌನ. ಈ ಅಂತರವನ್ನು ತುಂಬಲು ಹೆಚ್ಚಿನವರು ಮೊದಲು ಮಾಡುವ ಕೆಲಸವೇ ತಪ್ಪು: ನಿದ್ದೆಯಿಂದ ಎರಡು ಗಂಟೆ ಕಡಿದು ತರುತ್ತಾರೆ. ಮೂರು ಪ್ಯಾಚ್‌ಗೆ ಬೇಕಾದದ್ದು ಇನ್ನೂ ಎರಡೂಕಾಲು ಗಂಟೆ, ಆದ್ದರಿಂದ ಮೊದಲ ತಿಂಗಳು ಇದು ಫಲಿಸಿದಂತೆ ಕಾಣುತ್ತದೆ. ಬೇಗ ಉತ್ತರ ಸಿಗುತ್ತದೆ ಎಂದು ಗೊತ್ತಾದ ಮೇಲೆ ಐದರ ಜಾಗದಲ್ಲಿ ಎಂಟು ಪ್ಯಾಚ್ ಬರತೊಡಗುತ್ತವೆ.

ನಿಮ್ಮದೇ ಲೆಕ್ಕ ಬೇಕಿದ್ದರೆ ಎರಡು ವಾರ ಒಂದು ಕಾಗದದಲ್ಲಿ ಗುರುತು ಹಾಕಿ. 15 ನಿಮಿಷಕ್ಕೊಂದು ಗೆರೆ, ನಾಲ್ಕೇ ಕಾಲಂ: ಓದುವುದು, ಸಭೆ, ಪರಿಶೀಲನೆ, ಉಳಿದದ್ದು. ಇದಕ್ಕಿಂತ ಸೂಕ್ಷ್ಮವಾಗಿ ಅಳೆಯಲು ಹೋದರೆ ಅಳೆಯುವುದೇ ಇನ್ನೊಂದು ಕೆಲಸವಾಗುತ್ತದೆ. ಬಿಡುಗಡೆಯ ವಾರ ಮತ್ತು ಮಾಮೂಲಿ ವಾರ ಎರಡೂ ಅದರಲ್ಲಿ ಸೇರಿರಲಿ, ಯಾಕೆಂದರೆ ಬಿಡುಗಡೆಯ ವಾರದ ಹೊರೆ ಮಾಮೂಲಿಗಿಂತ ಬಹಳ ಹೆಚ್ಚು.

ಸಮಯವನ್ನು ಪೂರ್ತಿ ತುಂಬಿಸಬಾರದೇಕೆ

ಮೇಲಿನ ಲೆಕ್ಕದಲ್ಲಿ ಒಂದೂಕಾಲು ಗಂಟೆಯನ್ನು ಖಾಲಿ ಬಿಟ್ಟದ್ದು ದಂಡ ಎನಿಸಬಹುದು. ಅದನ್ನೂ ಪ್ಯಾಚ್‌ಗೆ ಬಳಸಬಾರದೇ?

ಒಂದೇ ಕಿಟಕಿಯಿರುವ ಟಿಕೆಟ್ ಕೌಂಟರ್ ನೆನೆಯಿರಿ. ಜನ ಒಂದೇ ಅಂತರದಲ್ಲಿ ಬರುವುದಿಲ್ಲ. ಒಮ್ಮೆ ನಾಲ್ವರು ಒಟ್ಟಿಗೆ ಬರುತ್ತಾರೆ, ಆಮೇಲೆ ಯಾರೂ ಇರುವುದಿಲ್ಲ. ಒಬ್ಬರ ಕೆಲಸ ಬೇಗ ಮುಗಿಯುತ್ತದೆ, ಇನ್ನೊಬ್ಬರದು ಎಳೆಯುತ್ತದೆ. ಇಂಥ ಸಾಲುಗಳ ಗಣಿತದ ಅತಿ ಸರಳ ಮಾದರಿ ಹೀಗೆ ಹೇಳುತ್ತದೆ: ಕೌಂಟರಿನವರು ತಮ್ಮ ಸಮಯದ ಶೇ 50ರಷ್ಟು ಮಾತ್ರ ಕೆಲಸದಲ್ಲಿದ್ದರೆ, ಬಂದವರು ಸರಾಸರಿ ಒಬ್ಬರ ಕೆಲಸಕ್ಕೆ ಹಿಡಿಯುವಷ್ಟು ಹೊತ್ತು ಕಾಯುತ್ತಾರೆ. ಶೇ 80ರಷ್ಟು ಆದರೆ ನಾಲ್ಕು ಪಟ್ಟು. ಶೇ 90 ಆದರೆ ಒಂಬತ್ತು ಪಟ್ಟು. ಶೇ 95 ಆದರೆ ಹತ್ತೊಂಬತ್ತು ಪಟ್ಟು. ಶೇ 100ರಲ್ಲಿ ಸಾಲಿಗೆ ಕೊನೆಯೇ ಇಲ್ಲ.

80ರಿಂದ 90ಕ್ಕೆ ಹೋದಾಗ ಕೆಲಸ ಹೆಚ್ಚಾದದ್ದು ಎಂಟನೇ ಒಂದು ಭಾಗ, ಕಾಯುವಿಕೆ ಮಾತ್ರ ಎರಡು ಪಟ್ಟಿಗೂ ಮಿಕ್ಕಿತು. ಹಾಗಾಗಿ ಸ್ವಯಂಸೇವಕರು ತಮ್ಮ ಸಮಯದ ಐದನೇ ಒಂದು ಭಾಗವನ್ನಾದರೂ ಖಾಲಿ ಇಟ್ಟುಕೊಳ್ಳಬೇಕು. ಇದನ್ನು ಸೌಜನ್ಯದ ಮಾತೆಂದು ತಿಳಿಯಬೇಡಿ. ಉಳಿದವರಿಗೆ ಬೇಗ ಉತ್ತರ ಸಿಗಲು ಬೇರೆ ದಾರಿಯಿಲ್ಲ. ಸಂಬಳದ ಕೆಲಸದಲ್ಲಿ ಸಾಲು ಉದ್ದವಾದರೆ ಇನ್ನೊಂದು ಕಿಟಕಿ ತೆರೆಯಬಹುದು. ಇಲ್ಲಿ ಇನ್ನೊಬ್ಬರು ಸಿಗಲು ತಿಂಗಳುಗಳು ಬೇಕು.

ಸಾಲನ್ನು ಕಿರಿದಾಗಿಸಲು ಉಳಿಯುವುದು ಮೂರು ದಾರಿ: ಒಳಗೆ ಬರುವುದನ್ನು ಕಡಿಮೆ ಮಾಡುವುದು, ಒಂದೊಂದಕ್ಕೆ ಹಿಡಿಯುವ ಸಮಯ ಇಳಿಸುವುದು, ಕೈಗಳನ್ನು ಹೆಚ್ಚಿಸುವುದು. ಮೊದಲ ಎರಡನ್ನು ಬಿಟ್ಟು ನೇರ ಮೂರನೆಯದಕ್ಕೆ ಹೋಗುವುದು ರೂಢಿ. ಅದು ತಿರುಗುಮುರುಗು.

ಹೂಂ ಎನ್ನುವ ಮೊದಲು ಕೇಳಬೇಕಾದದ್ದು

ಹೊಣೆ ಕೊಡುವವರು ಸಾಮಾನ್ಯವಾಗಿ ಹೇಳುವ ಮಾತು: ಅಷ್ಟೇನೂ ಕೆಲಸವಿಲ್ಲ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಲೆಕ್ಕಕ್ಕೆ ಸಿಗದ ಕೆಲಸವನ್ನು ಎಣಿಸಿರುವುದಿಲ್ಲ. ಹಾಗಾಗಿ ಹಿಂದಿನವರನ್ನೇ ಕೇಳಬೇಕು. ಕಳೆದ ಮೂರು ತಿಂಗಳಲ್ಲಿ ಅತಿ ಕಡಿಮೆ ಕೆಲಸವಿದ್ದ ವಾರ ಎಷ್ಟು ಗಂಟೆ, ಅತಿ ಹೆಚ್ಚಿದ್ದ ವಾರ ಎಷ್ಟು? ನಿಗದಿತ ಸಮಯಕ್ಕೇ ಆಗಬೇಕಾದ ಕೆಲಸ ಯಾವುದು? ನೀವು ಎರಡು ವಾರ ಇಲ್ಲದಿದ್ದರೆ ಯಾವುದು ನಿಲ್ಲುತ್ತದೆ? ನಿಮ್ಮ ಹೊರತು ಬೇರೆ ಯಾರ ಬಳಿಯೂ ಇಲ್ಲದ ಪಾಸ್‌ವರ್ಡ್, ಕೀಲಿ ಯಾವುದು? ಯಾವಾಗ ಬಿಡಬಹುದು?

ಸರಾಸರಿಯ ಉತ್ತರಕ್ಕೆ ಬೆಲೆ ಕಡಿಮೆ. ಸರಾಸರಿ ಐದು ಗಂಟೆ ಇರಬಹುದು, ಬಿಡುಗಡೆಯ ವಾರ ಇಪ್ಪತ್ತು ಇರಬಹುದು. ಆ ಇಪ್ಪತ್ತು ನಿಮ್ಮ ಸಂಬಳದ ಕೆಲಸದ ಗಡುವಿನ ವಾರವೇ ಬಂದರೆ ಏನಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಎರಡು ವಾರದ ಪ್ರಶ್ನೆಯಿಂದ ಬಸ್ ಫ್ಯಾಕ್ಟರ್ ಎಂಬುದು ಗೊತ್ತಾಗುತ್ತದೆ. ಎಷ್ಟು ಜನ ಒಮ್ಮೆಲೇ ಇಲ್ಲವಾದರೆ ಯೋಜನೆ ನಿಲ್ಲುತ್ತದೆ ಎಂಬ ಸಂಖ್ಯೆ ಅದು. ಒಟ್ಟು ಕೊಡುಗೆಯ ಅರ್ಧದಷ್ಟನ್ನು ಮಾಡುವ ಅತಿ ಕಡಿಮೆ ಜನರ ಸಂಖ್ಯೆ ಎಂದೂ ಇದನ್ನು ಅಳೆಯುವುದುಂಟು. ಅದು 1 ಇದ್ದರೆ ನೀವು ಒಪ್ಪಿಕೊಳ್ಳುತ್ತಿರುವುದು ಎರಡು ಕೆಲಸ: ಯೋಜನೆಯನ್ನು ನಡೆಸುವುದು, ಎರಡನೆಯವರನ್ನು ಬೆಳೆಸುವುದು. ಎರಡನೆಯದಕ್ಕೂ ಗಂಟೆ ಮೀಸಲಿಡದೆ ಒಪ್ಪಿದರೆ ಅದು ಎಂದೂ ಆಗುವುದಿಲ್ಲ.

ಒಪ್ಪುವುದಾದರೆ ಬರೆದು ಒಪ್ಪಿ. ನಾಲ್ಕು ಸಾಲು ಸಾಕು: ವಾರಕ್ಕೆ ಇಷ್ಟು ಗಂಟೆ, ಈ ಕೆಲಸಗಳು ನನ್ನವು, ಈ ಕೆಲಸಗಳು ನನ್ನವಲ್ಲ, ಈ ತಿಂಗಳವರೆಗೆ. ಉದ್ಯೋಗದಾತರು ಕೆಲಸದ ವೇಳೆಯಲ್ಲಿ ಇದಕ್ಕೆ ಸಮಯ ಕೊಡುತ್ತಾರೆಂದರೆ ಅದೂ ಬರಹದಲ್ಲಿರಲಿ. ಮೇಲಧಿಕಾರಿ ಬದಲಾದಾಗ ಬಾಯಿಮಾತಿನ ಒಪ್ಪಿಗೆ ಅವರೊಂದಿಗೇ ಹೋಗಿಬಿಡುತ್ತದೆ.

ಒಳಗೆ ಬರುವುದನ್ನು ತಗ್ಗಿಸುವುದು

ಇಲ್ಲಿ ಸಿಗುವ ಲಾಭ ದೊಡ್ಡದು.

ಮೊದಲನೆಯದು, ವ್ಯಾಪ್ತಿ ಬರೆದಿಡುವುದು. ಈ ಯೋಜನೆ ಏನು ಮಾಡುತ್ತದೆ ಎಂಬುದಕ್ಕಿಂತ ಏನು ಮಾಡುವುದಿಲ್ಲ ಎಂಬ ಅರ್ಧ ಪುಟ ಹೆಚ್ಚು ಸಮಯ ಉಳಿಸುತ್ತದೆ. ಬೇಡಿಕೆಯೊಂದನ್ನು ಒಲ್ಲೆ ಎನ್ನಲು ಪ್ರತಿ ಸಲ ಹೊಸ ವಾದ ಕಟ್ಟಬೇಕಿಲ್ಲ, ಆ ಪುಟದ ಕೊಂಡಿ ಕೊಟ್ಟರೆ ಸಾಕು.

ಎರಡನೆಯದು, ದೂರು ಸಲ್ಲಿಸುವ ನಮೂನೆ. ಆವೃತ್ತಿ ಯಾವುದು, ಏನು ಮಾಡಿದಾಗ ಆಯಿತು, ಏನಾಗಬೇಕಿತ್ತು, ಏನಾಯಿತು. ಈ ನಾಲ್ಕು ಇಲ್ಲದ ದೂರಿಗೆ ಕನಿಷ್ಠ ಎರಡು ಸುತ್ತಿನ ಪತ್ರ ವ್ಯವಹಾರ ಬೇಕಾಗುತ್ತದೆ. ಆದರೆ ನಮೂನೆಯಲ್ಲಿ ಹದಿನೈದು ಪ್ರಶ್ನೆ ಇಟ್ಟರೆ ಜನ ಎಲ್ಲಕ್ಕೂ "ಇಲ್ಲ" ಎಂದು ತುಂಬುತ್ತಾರೆ. ನಾಲ್ಕೋ ಐದೋ ಸಾಕು.

ಮೂರನೆಯದು, ಯಂತ್ರ ಮಾಡಬಲ್ಲದ್ದನ್ನು ಯಂತ್ರಕ್ಕೇ ಬಿಡುವುದು. ಕೋಡಿನ ಜೋಡಣೆ, ಪರೀಕ್ಷೆ, ಪರವಾನಗಿಯ ಸಾಲು ಇದೆಯೇ ಎಂಬ ತಪಾಸಣೆ. ಇಂಥ ತಪಾಸಣೆ ಪಾಸಾಗದ ಪ್ಯಾಚ್ ಮನುಷ್ಯರ ಕಣ್ಣಿಗೇ ಬೀಳಬಾರದು. ಇಷ್ಟು ಮಾಡಿದರೂ 45 ನಿಮಿಷದ ಪರಿಶೀಲನೆ 35ಕ್ಕೆ ಇಳಿಯುತ್ತದೆ ಎಂದುಕೊಂಡರೆ ಅದೇ ಒಂದೂವರೆ ಗಂಟೆಯಲ್ಲಿ ಎರಡೂವರೆ ಪ್ಯಾಚ್ ಮುಗಿಯುತ್ತವೆ. ಹಳೆಯ ಇಶ್ಯೂಗಳನ್ನು (ದಾಖಲಾದ ದೂರು, ಬೇಡಿಕೆಗಳನ್ನು) ತಾನಾಗಿಯೇ ಮುಚ್ಚುವ ಬಾಟ್ ಮಾತ್ರ ಎಚ್ಚರದಿಂದ ಬಳಸಬೇಕಾದ ಸಾಧನ. ಪಟ್ಟಿ ಚಿಕ್ಕದಾಗುತ್ತದೆ, ದೋಷ ಅಲ್ಲೇ ಇರುತ್ತದೆ. ಜನ ಅದೇ ದೂರನ್ನು ಸಿಟ್ಟಿನ ಜೊತೆ ಮತ್ತೆ ಸಲ್ಲಿಸುತ್ತಾರೆ.

ನಾಲ್ಕನೆಯದು ಎಲ್ಲಕ್ಕಿಂತ ಬಲವಾದದ್ದು: ಕ್ಯಾಲೆಂಡರನ್ನೇ ಸಡಿಲಿಸುವುದು. ಸರ್ವರುಗಳ ಗುಂಪಿನಲ್ಲಿ ತಂತ್ರಾಂಶಗಳನ್ನು ನಡೆಸಲು ಬಳಸುವ ಕುಬರ್ನೆಟಿಸ್ ಯೋಜನೆ ವರ್ಷಕ್ಕೆ ನಾಲ್ಕು ಬಿಡುಗಡೆ ಮಾಡುತ್ತಿದ್ದುದನ್ನು 2021ರಲ್ಲಿ ಮೂರಕ್ಕೆ ಇಳಿಸಿತು. ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್‌ನ ದೀರ್ಘಾವಧಿ ಆವೃತ್ತಿಗಳಿಗೆ ಆರು ವರ್ಷ ಸಿಗುತ್ತಿದ್ದ ಬೆಂಬಲವನ್ನು ಎರಡು ವರ್ಷಕ್ಕೆ ಇಳಿಸುವ ತೀರ್ಮಾನ 2023ರಲ್ಲಿ ಹೊರಬಿತ್ತು. ಹಳೆಯ ಆವೃತ್ತಿಯೊಂದನ್ನು ಜೀವಂತ ಇಡುವುದೆಂದರೆ ಪ್ರತಿ ಭದ್ರತಾ ತಿದ್ದುಪಡಿಯನ್ನೂ ಅದಕ್ಕೆ ಪ್ರತ್ಯೇಕವಾಗಿ ಹೊಂದಿಸಿ, ಪ್ರತ್ಯೇಕವಾಗಿ ಪರೀಕ್ಷಿಸುವುದು. ಆವೃತ್ತಿ ಹಳೆಯದಾದಷ್ಟೂ ಈ ಹೊಂದಿಸುವಿಕೆ ಕಷ್ಟ. ಮೂರು ಆವೃತ್ತಿಗಳನ್ನು ಸಾಕುತ್ತಿರುವ ಸಣ್ಣ ಯೋಜನೆ ಒಂದನ್ನು ಕೈಬಿಟ್ಟರೆ ಸಿಗುವಷ್ಟು ಸಮಯ ಬೇರೆ ಯಾವ ಜಾಣತನದಿಂದಲೂ ಸಿಗುವುದಿಲ್ಲ.

ವಾರವನ್ನು ಕಟ್ಟಿಕೊಳ್ಳುವ ಬಗೆ

ಆರು ಗಂಟೆಯನ್ನು ಹನ್ನೆರಡು ಅರ್ಧ ಗಂಟೆಗಳಾಗಿ ಚೂರು ಮಾಡಿದರೆ ಪರಿಶೀಲನೆ ಆಗುವುದಿಲ್ಲ. ಇನ್ನೊಬ್ಬರ ಕೋಡು ತಲೆಯೊಳಗೆ ಕೂರುವಷ್ಟರಲ್ಲೇ ಅರ್ಧ ಗಂಟೆ ಮುಗಿದಿರುತ್ತದೆ. ಪರಿಶೀಲನೆಗೆ ಒಂದೂವರೆ ಗಂಟೆಯ ಒಂದು ಇಡೀ ತುಂಡು ಬೇಕು, ಪತ್ರ ಓದುವುದಕ್ಕೆ ಸಣ್ಣ ಚೂರುಗಳು ಸಾಕು. ಎರಡನ್ನೂ ಬೆರೆಸಬಾರದು. ಪತ್ರ ಓದುವ 15 ನಿಮಿಷದಲ್ಲಿ ಮಾಡಬೇಕಾದದ್ದು ವಿಂಗಡಣೆ ಮಾತ್ರ: ಇದು ತುರ್ತೇ, ಯಾರಿಗೆ ಸೇರಿದ್ದು, ನಮ್ಮ ವ್ಯಾಪ್ತಿಯೇ. ಉತ್ತರ ಬರೆಯತೊಡಗಿದರೆ ಗಡಿ ಹೋಯಿತು.

ಮುಂದಿನದು ಉತ್ತರದ ಅವಧಿಯನ್ನು ಬಹಿರಂಗವಾಗಿ ಬರೆದಿಡುವುದು. ಉದಾಹರಣೆಗೆ: ಭದ್ರತೆಯ ದೂರಿಗೆ 3 ದಿನದಲ್ಲಿ ಮೊದಲ ಉತ್ತರ, ಪ್ಯಾಚ್‌ಗೆ 3 ವಾರದಲ್ಲಿ, ಹೊಸ ಸೌಲಭ್ಯದ ಬೇಡಿಕೆಗೆ ಮುಂದಿನ ಬಿಡುಗಡೆಯ ಯೋಜನೆಯ ಹೊತ್ತಿಗೆ. ಉಳಿಸಿಕೊಳ್ಳಬಲ್ಲ ಮಾತನ್ನೇ ಕೊಡಿ. ಮೂರು ವಾರ ಎಂದು ಹೇಳಿ ಹದಿನೆಂಟನೇ ದಿನ ಉತ್ತರಿಸಿದವರ ಮೇಲೆ ಯಾರಿಗೂ ಸಿಟ್ಟಿಲ್ಲ. ಏನೂ ಹೇಳದೆ ಹತ್ತನೇ ದಿನ ಉತ್ತರಿಸಿದವರಿಗೆ ಅಷ್ಟರಲ್ಲಿ ಎರಡು ನೆನಪೋಲೆ ಬಂದಿರುತ್ತವೆ.

ಭದ್ರತೆಯ ವಿಷಯವನ್ನು ಬೇರೆ ಇಡಬೇಕಾದ ಕಾರಣವಿದೆ: ಅಲ್ಲಿ ಗಡಿಯಾರ ನಿಮ್ಮ ಕೈಯಲ್ಲಿಲ್ಲ. ದೋಷ ಕಂಡುಹಿಡಿದವರು ಸಾಮಾನ್ಯವಾಗಿ 90 ದಿನ ಕೊಡುತ್ತಾರೆ, ಆಮೇಲೆ ಬಹಿರಂಗಪಡಿಸುತ್ತಾರೆ. ಲಿನಕ್ಸ್ ವಿತರಕರ ಖಾಸಗಿ ಭದ್ರತಾ ಮೇಲಿಂಗ್ ಪಟ್ಟಿಯಲ್ಲಿ ಗುಟ್ಟು ಕಾಯುವ ಗರಿಷ್ಠ ಅವಧಿ 14 ದಿನ. 2021ರ ಡಿಸೆಂಬರಿನಲ್ಲಿ ಜಾವಾ ತಂತ್ರಾಂಶಗಳು ಬಳಸುವ ಲಾಗ್4ಜೆ ಎಂಬ ಕೋಡಿನ ಭದ್ರತಾ ದೋಷ ಹೊರಬಿದ್ದಾಗ ಅದನ್ನು ನೋಡಿಕೊಳ್ಳುತ್ತಿದ್ದ ಅಪಾಚೆ ಎಂಬ ಓಪನ್ ಸೋರ್ಸ್ ಪ್ರತಿಷ್ಠಾನದ ಸ್ವಯಂಸೇವಕರು 2.15.0, 2.16.0, 2.17.0, 2.17.1 ಎಂದು ಅದೇ ತಿಂಗಳೊಳಗೆ ಒಂದರ ಹಿಂದೊಂದು ಆವೃತ್ತಿ ಹೊರತರಬೇಕಾಯಿತು, ಅದೂ ವರ್ಷಾಂತ್ಯದ ರಜೆಯ ದಿನಗಳಲ್ಲಿ. ಇಂಥದ್ದು ವಾರದ ಲೆಕ್ಕದಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಬೇಕಾದದ್ದು ಮೊದಲೇ ಗೊತ್ತುಮಾಡಿದ ಇಬ್ಬರು ಅಥವಾ ಮೂವರು, ಮತ್ತು ತುರ್ತು ಬಂದಾಗ ಉಳಿದೆಲ್ಲ ಕೆಲಸ ನಿಲ್ಲುತ್ತದೆ ಎಂಬ ಬರೆದಿಟ್ಟ ನಿಯಮ.

ರಜೆಯೂ ಇದೇ ಲೆಕ್ಕಕ್ಕೆ ಸೇರುತ್ತದೆ. ಹೊರಡುವ ಮೊದಲು ದಿನಾಂಕ ಮತ್ತು ಬದಲಿ ವ್ಯಕ್ತಿಯ ಹೆಸರು ಹೇಳಿ. ಬದಲಿಯವರಿಗೆ ಒಪ್ಪಿಗೆ ಕೊಡುವ ಅಧಿಕಾರವೂ ಇರಬೇಕು, ಇಲ್ಲದಿದ್ದರೆ ಅವರು ಮಾಡಬಲ್ಲದ್ದು ಕ್ಷಮೆ ಕೇಳುವುದಷ್ಟೇ. 2018ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಸೃಷ್ಟಿಸಿದ ಲಿನಸ್ ಟೋರ್ವಾಲ್ಡ್ಸ್ ಕೆಲ ವಾರ ದೂರ ಸರಿದಾಗ ಕರ್ನಲ್‌ನ 4.19ನೇ ಆವೃತ್ತಿಯನ್ನು ಗ್ರೆಗ್ ಕ್ರೋ-ಹಾರ್ಟ್‌ಮನ್ ಹೊರತಂದರು. ಬಿಡುಗಡೆಯ ಕ್ರಮ, ಅಧಿಕಾರ ಎರಡೂ ಮೊದಲೇ ಹಂಚಿಕೆಯಾಗಿದ್ದರಿಂದ ಅದು ಸಾಧ್ಯವಾಯಿತು.

ಹಂಚುವುದು: ಎಲ್ಲಿ ಎಡವುತ್ತೇವೆ

ಕೆಲಸ ಹಂಚಿ ಎಂಬ ಸಲಹೆ ಎಲ್ಲರೂ ಕೊಡುತ್ತಾರೆ. ಹಂಚಿದ ಮೇಲೆ ಹೊರೆ ಹೆಚ್ಚಾಯಿತು ಎನ್ನುವವರೂ ಕಡಿಮೆಯಿಲ್ಲ. ಎರಡೂ ನಿಜ.

ಮೊದಲ ಕಾರಣ ಸರಳ ಗಣಿತ. ಐದು ಜನರ ಗುಂಪಿನಲ್ಲಿ ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು 10. ಹತ್ತು ಜನರಾದರೆ 45. ಎಲ್ಲರಿಗೂ ಎಲ್ಲವೂ ತಿಳಿದಿರಬೇಕು ಎಂಬ ಪದ್ಧತಿಯಿದ್ದರೆ ಹೊಸದಾಗಿ ಸೇರಿದವರ ಸಮಯವನ್ನೆಲ್ಲ ಈ ದಾರಿಗಳೇ ನುಂಗುತ್ತವೆ. ಆದ್ದರಿಂದ ಹಂಚಬೇಕಾದದ್ದು ಬಿಡಿ ಕೆಲಸವನ್ನಲ್ಲ, ಇಡೀ ಕ್ಷೇತ್ರವನ್ನು. ಈ ಹತ್ತು ಇಶ್ಯೂ ನೋಡಿ ಎಂದರೆ ಹತ್ತರ ಪ್ರಶ್ನೆಯೂ ನಿಮ್ಮ ಬಳಿಗೇ ಬರುತ್ತದೆ. ದಾಖಲೆಗಳ ಭಾಗ ನಿಮ್ಮದು, ಅಲ್ಲಿ ನಿಮ್ಮ ಮಾತೇ ಕೊನೆ ಎಂದರೆ ಆ ಬಾಗಿಲು ನಿಮ್ಮ ಮಟ್ಟಿಗೆ ಮುಚ್ಚಿತು.

ಕ್ಲೌಡ್ ವ್ಯವಸ್ಥೆಗಳನ್ನು ಕಟ್ಟಲು ಬಳಸುವ ಓಪನ್‌ಸ್ಟ್ಯಾಕ್ ಯೋಜನೆಯ ಕ್ರಮ ಇಲ್ಲಿ ಗಮನಿಸಬೇಕಾದದ್ದು. ಅಲ್ಲಿ ಪ್ರತಿ ತಂಡಕ್ಕೂ ಒಬ್ಬ ನಾಯಕರನ್ನು ಆರು ತಿಂಗಳ ಬಿಡುಗಡೆಯ ಸುತ್ತಿಗೊಮ್ಮೆ ಆರಿಸುತ್ತಾರೆ. ಒಬ್ಬರೇ ಅಷ್ಟೂ ಹೊರುವವರು ಸಿಗದ ತಂಡಗಳಿಗಾಗಿ ಹಂಚಿದ ನಾಯಕತ್ವ ಎಂಬ ಪರ್ಯಾಯವನ್ನೂ ತಂದರು: ಬಿಡುಗಡೆಗೆ ಒಬ್ಬರು, ಪರೀಕ್ಷಾ ವ್ಯವಸ್ಥೆಗೆ ಒಬ್ಬರು, ಭದ್ರತೆಗೆ ಒಬ್ಬರು. ಅಂಥ ತಂಡದಲ್ಲಿ ನಾಯಕ ಎಂಬ ಹುದ್ದೆಯಿಲ್ಲ, ಮೂರು ಹೊಣೆಗಳಿವೆ. ಒಬ್ಬರೇ ಎರಡನ್ನು ಹೊತ್ತರೂ ಆದೀತು, ಆದರೆ ಯಾವುದೂ ಹೆಸರಿಲ್ಲದೆ ಉಳಿಯಬಾರದು.

ಎರಡನೆಯ ಕಾರಣ, ಕಲಿಸಲು ಸಮಯ ಇಡದಿರುವುದು. ಹೊಸಬರೊಬ್ಬರು ಪರಿಶೀಲಿಸಿದ್ದನ್ನು ನೀವು ಮತ್ತೊಮ್ಮೆ ನೋಡುವ ಮೊದಲ ಎರಡು ಮೂರು ತಿಂಗಳು ಹೊರೆ ಹೆಚ್ಚುವುದು ಖಚಿತ. ಬಿಡುಗಡೆಯ ಒತ್ತಡದ ನಡುವೆ ಇದನ್ನು ಶುರು ಮಾಡಿದವರು ಅರ್ಧದಲ್ಲೇ ಬೇಸತ್ತು, ನಾನೇ ಮಾಡಿದರೆ ಬೇಗ ಎಂದು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಬಿಡುಗಡೆ ಮುಗಿದ ಮರುವಾರ ಶುರು ಮಾಡುವುದೇ ಸರಿ. ಕುಬರ್ನೆಟಿಸ್ ಬಿಡುಗಡೆ ತಂಡದಲ್ಲಿ ಪ್ರತಿ ಹೊಣೆಗೂ ಶ್ಯಾಡೋ ಎಂದು ಕರೆಯುವ ಕಲಿಯುವವರು ಒಂದು ಇಡೀ ಸುತ್ತು ಜೊತೆಗಿರುತ್ತಾರೆ. ಮುಂದಿನ ಸುತ್ತುಗಳ ಹೊಣೆಗಾರರು ಬಹುಪಾಲು ಅವರ ನಡುವಿನಿಂದಲೇ ಬರುತ್ತಾರೆ.

ಮೂರನೆಯದು ಒಪ್ಪಿಗೆಗೆ ಕಾಯುವುದು. ಅಪಾಚೆ ಯೋಜನೆಗಳಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ. ಹೀಗೆ ಮಾಡುತ್ತೇನೆ ಎಂದು ಪ್ರಕಟಿಸಿ, ಕನಿಷ್ಠ 72 ಗಂಟೆ ಕಾಯುತ್ತಾರೆ. ಆಕ್ಷೇಪ ಬರದಿದ್ದರೆ ಅದೇ ಒಪ್ಪಿಗೆ. 72 ಗಂಟೆಯೇಕೆಂದರೆ ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ಪಾಳಿಗಳಲ್ಲಿ ಬದುಕುವವರಿಗೂ ಒಮ್ಮೆ ಕಣ್ಣಾಡಿಸಲು ಅಷ್ಟು ಬೇಕು. ಆದರೆ ಬಿಡುಗಡೆಗೆ ಮೌನ ಸಾಲದು, ಕನಿಷ್ಠ ಮೂರು ಒಪ್ಪಿಗೆಯ ಮತ ಬೇಕೇ ಬೇಕು. ಹಿಂದಕ್ಕೆ ತರಬಹುದಾದ ತೀರ್ಮಾನಕ್ಕೆ ಮೌನ ಸಾಕು, ತರಲಾಗದ್ದಕ್ಕೆ ಬಾಯಿಬಿಟ್ಟ ಒಪ್ಪಿಗೆ ಬೇಕು ಎಂಬ ಈ ವಿಭಾಗವನ್ನು ಯಾವ ಸಣ್ಣ ತಂಡವೂ ಹಾಗೆಯೇ ಎತ್ತಿಕೊಳ್ಳಬಹುದು.

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯಲ್ಲಿ ಇದರ ಇನ್ನೊಂದು ರೂಪವಿದೆ. ಪ್ಯಾಕೇಜಿನ, ಅಂದರೆ ಅದರಲ್ಲಿ ಸೇರಿರುವ ಒಂದು ತಂತ್ರಾಂಶದ, ಉಸ್ತುವಾರಿ ಹೊತ್ತವರು ಉತ್ತರಿಸದಿದ್ದರೆ ಬೇರೊಬ್ಬ ಸದಸ್ಯರು ತಿದ್ದುಪಡಿಯನ್ನು ತಡಮಾಡುವ ಸಾಲಿಗೆ ಹಾಕಬಹುದು. ಅದು ಗೊತ್ತುಪಡಿಸಿದಷ್ಟು ದಿನ ಅಲ್ಲೇ ಇದ್ದು ಆಮೇಲೆ ತಾನಾಗಿಯೇ ಒಳಗೆ ಹೋಗುತ್ತದೆ. ಆ ನಡುವೆ ಉಸ್ತುವಾರಿಯವರು ತಡೆಯಬಹುದು. ಅವರ ಹಕ್ಕೂ ಉಳಿಯಿತು, ಕೆಲಸವೂ ನಿಲ್ಲಲಿಲ್ಲ.

ಕೊನೆಯ ದಿನ ಗೊತ್ತಿರುವ ಹೊಣೆ

ಅವಧಿಯಿಲ್ಲದ ಹುದ್ದೆಯಿಂದ ಇಳಿಯಲು ಒಂದೋ ಜಗಳವಾಗಬೇಕು, ಇಲ್ಲವೇ ಕುಸಿಯಬೇಕು. ಪೈಥಾನ್ ಭಾಷೆಯನ್ನು ಸೃಷ್ಟಿಸಿದ ಗೀಡೊ ವಾನ್ ರೋಸಮ್ 2018ರ ಜುಲೈನಲ್ಲಿ, ಆ ಭಾಷೆಯಲ್ಲಿ ಕೋಡ್ ಬರೆಯುವ ಒಂದು ಹೊಸ ಕ್ರಮದ ಮೇಲಿನ ಕಟು ಚರ್ಚೆ ಮುಗಿದ ಕೂಡಲೇ, ಕೊನೆಯ ಮಾತು ತಮ್ಮದೆಂಬ ಸ್ಥಾನವನ್ನು ಬಿಟ್ಟರು. ಮುಂದಿನ ವ್ಯವಸ್ಥೆ ಏನೆಂದು ಬರೆದಿರಲಿಲ್ಲ. ತಿಂಗಳುಗಟ್ಟಲೆ ಚರ್ಚಿಸಿ, ಮತ ಹಾಕಿ, ಐದು ಜನರ ಮಂಡಳಿಯೊಂದನ್ನು ರೂಪಿಸಿದರು. ಮೊದಲ ಮಂಡಳಿ 2019ರ ಆರಂಭದಲ್ಲಿ ಆಯ್ಕೆಯಾಯಿತು. ಪ್ರತಿ ಮುಖ್ಯ ಬಿಡುಗಡೆಯ ನಂತರ ಹೊಸ ಚುನಾವಣೆ, ಈಗ ಅದು ವರ್ಷಕ್ಕೊಮ್ಮೆ. ಒಂದೇ ಸಂಸ್ಥೆಯ ನೌಕರರು ಇಬ್ಬರಿಗಿಂತ ಹೆಚ್ಚಿರುವಂತಿಲ್ಲ.

ಡೆಬಿಯನ್ ನಾಯಕರ ಅವಧಿಯೂ ಒಂದು ವರ್ಷ. ಮರು ಸ್ಪರ್ಧೆಗೆ ಅಡ್ಡಿಯಿಲ್ಲ. ಚಿಕ್ಕ ಅವಧಿಯ ಲಾಭ ಇದೇ: ಮುಂದುವರಿಯಲು ತೀರ್ಮಾನ ಬೇಕು, ಬಿಡಲು ಬೇಡ. ಅವಧಿಯಿಲ್ಲದ ಕಡೆ ಇದು ತಲೆಕೆಳಗು. ಅಲ್ಲಿ ಬಿಡುವುದೇ ದೊಡ್ಡ ತೀರ್ಮಾನ, ಆದ್ದರಿಂದ ಅದನ್ನು ಮುಂದೂಡುತ್ತಲೇ ಇರುತ್ತಾರೆ. ಆರು ತಿಂಗಳು ತೀರಾ ಕಡಿಮೆ ಎನ್ನುವ ವಾದವೂ ಇದೆ. ಕಲಿಯುವಷ್ಟರಲ್ಲಿ ಮುಗಿಯುತ್ತದೆ, ನಿಜ. ತಿಂಗಳಿಗೊಮ್ಮೆ ಬಿಡುಗಡೆಯಿರುವಲ್ಲಿ ಆರು ತಿಂಗಳು ಸಾಕು, ವರ್ಷಕ್ಕೆ ಒಂದೇ ಇರುವಲ್ಲಿ ಸಾಲದು. ಕನಿಷ್ಠ ಎರಡು ಬಿಡುಗಡೆಯಾದರೂ ಒಬ್ಬರ ಕೈಯಲ್ಲಿ ಆಗಲಿ ಎಂಬುದು ಬಹುಪಾಲು ಯೋಜನೆಗಳಿಗೆ ಹೊಂದುವ ಅಳತೆ.

ಮಿತಿ ಮೀರಿದ್ದು ಹೇಗೆ ಗೊತ್ತಾಗುತ್ತದೆ

ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ರೋಗವೆಂದಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ವಿವರಿಸಿದೆ. ಅದರ ಮೂರು ಮುಖಗಳು: ಶಕ್ತಿ ಉಡುಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಕಹಿ ತುಂಬುವುದು, ಮಾಡಿದ್ದು ಫಲಿಸುತ್ತಿಲ್ಲ ಎನಿಸುವುದು. ಅದು ಸಂಬಳದ ಕೆಲಸವನ್ನು ಕುರಿತ ವಿವರಣೆ, ಆದರೆ ಲಕ್ಷಣಗಳು ಇಲ್ಲೂ ಹೊಂದುತ್ತವೆ.

ಹೊರಗಿನವರಿಗೆ ಕಾಣುವ ಗುರುತುಗಳು ಬೇರೆ. ಉತ್ತರಗಳು ಒಂದೇ ಸಾಲಿಗೆ ಇಳಿಯುತ್ತವೆ. ಸುಲಭದ ಪ್ಯಾಚ್‌ಗಳು ಮುಂದೆ ಹೋಗಿ ಕಷ್ಟದವು ಅಲ್ಲೇ ಕೂರುತ್ತವೆ. ಮಧ್ಯರಾತ್ರಿಯ ಕಮಿಟ್‌ಗಳು, ಅಂದರೆ ಕೋಡಿಗೆ ಸೇರಿಸುವ ಬದಲಾವಣೆಗಳು, ಹೆಚ್ಚುತ್ತವೆ. ಹೊಸಬರ ಮಾಮೂಲಿ ತಪ್ಪಿಗೆ ಚುಚ್ಚುವ ಮಾತು ಬರುತ್ತದೆ. ಇವನ್ನು ಕಂಡ ಸಹವರ್ತಿಗಳು "ಆರೋಗ್ಯ ನೋಡಿಕೊಳ್ಳಿ" ಎಂದರೆ ಅದಕ್ಕೂ ಉತ್ತರ ಬರೆಯುವ ಕೆಲಸ ಹೆಚ್ಚಾಗುತ್ತದೆ. "ಮುಂದಿನ ಎರಡು ವಾರದ ವಿಂಗಡಣೆ ನನಗೆ ಬಿಡಿ" ಎಂಬ ಒಂದು ಸಾಲಿನಿಂದ ಹೊರೆ ನಿಜವಾಗಿ ಇಳಿಯುತ್ತದೆ.

ಬಿಟ್ಟುಕೊಡುವಾಗ

ದಣಿದವರು ಮೊದಲು ಕೈಚಾಚಿದವರಿಗೆ ಕೀಲಿ ಕೊಟ್ಟುಬಿಡುವುದು ಸಹಜ. 2018ರಲ್ಲಿ ಈವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜಿನಲ್ಲೂ ಇದೇ ಆಯಿತು. ಮೂಲ ಲೇಖಕರು ಬಳಸುವುದನ್ನೇ ಬಿಟ್ಟಿದ್ದ ಪ್ಯಾಕೇಜನ್ನು ನೋಡಿಕೊಳ್ಳುತ್ತೇನೆ ಎಂದವರಿಗೆ ವಹಿಸಿದರು. ಹೊಸಬರು ಅದರೊಳಗೆ ಬಿಟ್‌ಕಾಯಿನ್ ಕದಿಯುವ ಕೋಡ್ ಸೇರಿಸಿದರು. ಪಾಠವೆಂದರೆ ಯಾರಿಗೂ ಕೊಡಬಾರದು ಎಂದಲ್ಲ, ಒಂದೇ ಸಲಕ್ಕೆ ಎಲ್ಲವನ್ನೂ ಕೊಡಬಾರದು.

ಕ್ರಮ ಹೀಗಿರಲಿ. ಮೊದಲು ವಿಂಗಡಣೆಯ ಹಕ್ಕು, ಅಂದರೆ ಇಶ್ಯೂಗಳಿಗೆ ಗುರುತು ಹಚ್ಚುವುದು, ಮುಚ್ಚುವುದು. ಮುಂದೆ ಪರಿಶೀಲನೆ, ಆದರೆ ಪ್ಯಾಚನ್ನು ಕೋಡಿಗೆ ಸೇರಿಸುವುದು ಇನ್ನೊಬ್ಬರು. ಆಮೇಲೆ ಒಂದು ಭಾಗಕ್ಕೆ ಮಾತ್ರ ಸೇರಿಸುವ ಹಕ್ಕು. ಬಿಡುಗಡೆಗೆ ಸಹಿ ಹಾಕುವ ಕೀಲಿ, ಪ್ಯಾಕೇಜ್ ಪ್ರಕಟಿಸುವ ಖಾತೆ, ಡೊಮೈನ್ ಹೆಸರು ಎಲ್ಲಕ್ಕಿಂತ ಕೊನೆಗೆ, ಸಾಧ್ಯವಾದರೆ ಇಬ್ಬರು ಒಪ್ಪಿದರೆ ಮಾತ್ರ ಪ್ರಕಟವಾಗುವ ಏರ್ಪಾಡಿನೊಂದಿಗೆ. ಒಂದೊಂದು ಹಂತಕ್ಕೂ ಒಂದು ಬಿಡುಗಡೆಯ ಸುತ್ತು ಕೊಡಿ. ತಾಳ್ಮೆಯಿರುವ ಕೇಡಿಗರನ್ನು ಇದಷ್ಟೇ ತಡೆಯದು, ಜಿಯಾ ಟಾನ್ ಎರಡು ವರ್ಷಕ್ಕೂ ಹೆಚ್ಚು ಕಾಲ ಕಾದಿದ್ದ. ಆದ್ದರಿಂದಲೇ ಕೊನೆಯ ಹಂತದಲ್ಲಿ ಎರಡನೆಯ ಕಣ್ಣು ಬೇಕು. ಎಕ್ಸ್‌ಝಡ್‌ನ ಕಳ್ಳಬಾಗಿಲನ್ನು ತೆರೆಯುವ ಕೊನೆಯ ತುಣುಕು ಇದ್ದದ್ದು ಬಿಡುಗಡೆಯ ಕಟ್ಟಿನಲ್ಲಿ, ಎಲ್ಲರೂ ನೋಡುವ ಕೋಡಿನ ಭಂಡಾರದಲ್ಲಲ್ಲ.

ಹಸ್ತಾಂತರದ ಪುಟದಲ್ಲಿ ಇರಬೇಕಾದದ್ದು: ಖಾತೆಗಳ ಪಟ್ಟಿ ಮತ್ತು ಪ್ರತಿಯೊಂದಕ್ಕೂ ಯಾರಿಗೆ ಪ್ರವೇಶವಿದೆ, ಬಿಡುಗಡೆಯ ಹೆಜ್ಜೆಗಳು, ನವೀಕರಿಸಬೇಕಾದ ದಿನಾಂಕಗಳು, ಅರ್ಧದಲ್ಲಿರುವ ತೀರ್ಮಾನಗಳು, ಕೊಟ್ಟ ಮಾತುಗಳು. ಕೊನೆಯ ಎರಡನ್ನು ಜನ ಮರೆಯುತ್ತಾರೆ. ಹೊಸಬರು ಆ ಪುಟ ಹಿಡಿದು ಒಂದು ಬಿಡುಗಡೆಯನ್ನು ತಾವೇ ಮಾಡಲಿ, ಹಳಬರು ಪಕ್ಕದಲ್ಲಿ ಸುಮ್ಮನಿರಲಿ. ಎಲ್ಲಿ ಬಾಯಿ ತೆರೆಯಬೇಕಾಯಿತೋ ಅಲ್ಲಿ ಪುಟದಲ್ಲಿ ಒಂದು ಸಾಲು ಕಡಿಮೆಯಿದೆ. ಹೋಗುವವರ ಹಕ್ಕುಗಳನ್ನು ತೆಗೆಯುವುದೂ ಹಸ್ತಾಂತರದ ಭಾಗವೇ. ಬಳಕೆಯಿಲ್ಲದೆ ಬಿದ್ದಿರುವ ಖಾತೆ ಕಳ್ಳರಿಗೆ ಸಲೀಸು.

ತೆಗೆದುಕೊಳ್ಳುವವರೇ ಇಲ್ಲದಿದ್ದರೆ? ಆಗ ಸ್ಥಿತಿಯನ್ನು ಇದ್ದ ಹಾಗೆ ಬರೆಯುವುದು. ಲಿನಕ್ಸ್ ಕರ್ನಲ್‌ನಲ್ಲಿ ಪ್ರತಿ ಭಾಗದ ಉಸ್ತುವಾರಿ ಯಾರದೆಂದು ಹೇಳುವ ಒಂದು ಕಡತವಿದೆ. ಅದರಲ್ಲಿ ಹೆಸರಿನ ಜೊತೆ ಸ್ಥಿತಿಯನ್ನೂ ನಮೂದಿಸುತ್ತಾರೆ: ಸಂಬಳ ಪಡೆದು ನೋಡಿಕೊಳ್ಳುವವರಿದ್ದಾರೆ, ನೋಡಿಕೊಳ್ಳುವವರಿದ್ದಾರೆ, ಇದ್ದಾರೆ ಆದರೆ ಆಗೀಗ ಒಂದು ತಿದ್ದುಪಡಿಗಿಂತ ಹೆಚ್ಚಿಗೆ ಸಮಯವಿಲ್ಲ, ಅನಾಥವಾಗಿದೆ, ಬಳಕೆ ಮೀರಿದೆ. ಡೆಬಿಯನ್‌ನಲ್ಲೂ ಹೀಗೆಯೇ ಮೂರು ಮೆಟ್ಟಿಲು: ಸಹಾಯ ಬೇಕು, ದತ್ತು ಪಡೆಯುವವರು ಬೇಕು, ಅನಾಥ. ಇವುಗಳಲ್ಲಿ ಯಾವುದನ್ನಾದರೂ ತಿಳಿಸಲು ಒಂದು ಸಾಲು ಸಾಕು. ಸ್ವಂತ ಯೋಜನೆಯಾದರೆ ಬಂದವರು ಮೊದಲು ಓದುವ ಕಡತದ (README) ಮೇಲ್ಭಾಗದಲ್ಲಿ ದಿನಾಂಕದ ಸಮೇತ ಅದೇ ಸಾಲು ಹಾಕಿ, ಭಂಡಾರವನ್ನು ಆರ್ಕೈವ್ ಸ್ಥಿತಿಗೆ ತಂದಿಡಬಹುದು. ಆಗ ಕೋಡನ್ನು ಓದಬಹುದು, ನಕಲು ಮಾಡಿಕೊಂಡು ಮುಂದುವರಿಸಬಹುದು. ಹೊಸ ದೂರು, ಹೊಸ ಪ್ಯಾಚ್ ಮಾತ್ರ ಬರುವುದಿಲ್ಲ. ಮುಂದೊಂದು ದಿನ ಸಮಯ ಸಿಕ್ಕಿದರೆ ಮತ್ತೆ ತೆರೆಯಲೂ ಬರುತ್ತದೆ.